ಬಲಕ್ಕೆ ಹೌದು, ಎಡಕ್ಕೆ ಇಲ್ಲ

ಹೌದು ಎಂಬ ಬೆಳಕಿನ ಅಕ್ಷರದ ತಲೆ ಅಗಲವಾಗಿ ಬುಡ ಸಣ್ಣದಾಗಿದೆ, ಛಾವಣಿಯ ಮೇಲೆ ವಾಲಿಕೊಂಡು ಹೋಗಿ ಫ್ಯಾನಿನ ರೆಕ್ಕೆಗೆ ತಾಗುತ್ತಿದೆ, ಯಾರಾದರೂ ಪ್ರೊಜೆಕ್ಟರಿನ ಮುಂದಿನ ಕಾಲಿಗೆ ಒಂದು ಲಗ್ನಪತ್ರಿಕೆ ಮಡಚಿ ಇಡಬಾರದೆ, ನಾನಾಗಿದ್ದರೆ ಇಟ್ಟು ಇಷ್ಟು ಹೊತ್ತಿಗೆ ಚಹಾ ಕುಡಿಯುತ್ತಿದ್ದೆ — ಹೊಸದುರ್ಗವೋ ಹೊಳಲ್ಕೆರೆಯೋ, ಯಾವ ಛತ್ರದಲ್ಲಿ ಮದುವೆಯಿದ್ದರೂ ಪರದೆಯ ಮೇಲೆ ಚಿತ್ರ ಬಿಡಲು ಅಬ್ದುಲ್ ರಶೀದನೇ ಬೇಕು, ಈಗ ಆ ರಶೀದ ಚಿತ್ರದುರ್ಗದ ಈ ಮಂಚದ ಮೇಲೆ ಬಿದ್ದಿರುವ ಮರದ ದಿಮ್ಮಿ, ಲಕ್ವ ಹೊಡೆದ ಮೇಲೆ ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ, ಉಳಿದದ್ದು ಎರಡು ಕಣ್ಣು, ಅವನ್ನೇ ನಂಬಿಕೊಂಡು ಮಗಳು ಮದೀಹಾ ಕಾಲೇಜಿನಲ್ಲಿ ಯಂತ್ರ ಮಾಡಿ ತಂದಿದ್ದಾಳೆ, ಅಬ್ಬಾ, ಬಲಗಡೆ ಹೌದು ಐತೆ, ಎಡಗಡೆ ಇಲ್ಲ ಐತೆ, ನೀವು ಯಾವುದನ್ನ ನೋಡ್ತೀರೋ ಅದನ್ನ ದಿಂಬಿನ ಹತ್ರ ಇರೋ ಕ್ಯಾಮೆರಾ ಹಿಡ್ಕಂಡು ಹೇಳುತ್ತೆ, ನಿಮ್ಮ ಹೆಸರು ಅಬ್ದುಲ್ ರಶೀದಾ? ಇದೂ ಒಂದು ಪ್ರಶ್ನೆಯೇ ಮಗಳೇ, ಹೌದನ್ನು ನೋಡಿದೆ, ಕಣ್ಣು ನೋಯುವಷ್ಟು ನೋಡಿದೆ, ಯಂತ್ರ ಒಳ್ಳೆ ಹೆಣ್ಣುದನಿಯಲ್ಲಿ ಇಲ್ಲ ಎಂದಿತು. ನೋಡಿದ್ರಾ ಭಾಭಿ, ಭಾಯಿಗೆ ತಮ್ಮ ಹೆಸರೇ ನೆನಪಿಲ್ಲ, ಎನ್ನುತ್ತಾನೆ ತಮ್ಮ ಹಫೀಜ್, ನನ್ನನ್ನು ತನ್ನ ಮನೆಗೆ ಒಯ್ಯಲು ಹಿರಿಯೂರಿನಿಂದ ಆಂಬುಲೆನ್ಸ್ ತಂದು ಬಾಗಿಲಲ್ಲಿ ನಿಲ್ಲಿಸಿದ್ದಾನೆ, ಅವನ ಮನೆಯ ಪಕ್ಕದಲ್ಲೇ ಒಬ್ಬ ನರ್ಸ್ ಇದ್ದಾಳಂತೆ, ನನ್ನನ್ನು ಎತ್ತಿ ಮಲಗಿಸಿ ನನ್ನ ಹೆಂಡತಿ ತಾಹೇರಾಳ ಸೊಂಟ ಬಿದ್ದುಹೋಗಿದೆ, ನಿಜ, ತಮ್ಮ ಕೆಟ್ಟವನಲ್ಲ, ಆದರೆ ಮಗಳ ಕಾಲೇಜು ಇಲ್ಲಿ, ಹಾಗಾಗಿ ತಾಹೇರಾ ಇಲ್ಲಿ, ನಾನೊಬ್ಬನೇ ಅಲ್ಲಿ — ಆಗುವುದಿಲ್ಲ, ಅವಳು ನೀರು ಕುಡಿಸುವಾಗ ಬೈಯುತ್ತಾಳಲ್ಲ, ವಿಷ ಏನೂ ಕೊಡ್ತಿಲ್ಲ ನುಂಗ್ರಿ ಅಂತ, ಆ ಬೈಗುಳವಿಲ್ಲದೆ ನನಗೆ ನೀರು ಇಳಿಯುವುದಿಲ್ಲ. ಭಾಯಿ ಬರಲ್ಲ ಅಂದ್ರೆ ನಾನು ಕರಕಂಡು ಹೋಗಲ್ಲ ಭಾಭಿ, ಎಂದು ಮಾತು ಕೊಟ್ಟವನೂ ಅವನೇ.

ತಡೀರಿ ಚಾಚಾ, ಅಕ್ಷರ ಸೊಟ್ಟ ಐತೆ, ಅಬ್ಬಾಗೆ ಸರಿಯಾಗಿ ಕಂಡಿಲ್ಲ ಅಷ್ಟೆ, ಮೆಷಿನ್ ಎಷ್ಟು ವಾಲೈತೆ ಅಂತ ಒಂದು ಸೆನ್ಸರ್ ಹೇಳುತ್ತೆ, ಛಾವಣಿ ಹೆಂಗೈತೆ ಅಂತ ಇನ್ನೊಂದು ಹೇಳುತ್ತೆ, ಎರಡನ್ನೂ ಕೂಡಿಸ್ತೀನಿ — ಕೂಡಿಸಿಯೇಬಿಟ್ಟಳು ನನ್ನ ಬಂಗಾರ, ಅಕ್ಷರ ಒಮ್ಮೆ ನಡುಗಿ ನಾಲ್ಕೂ ಮೂಲೆ ನೆಟ್ಟಗಾದವು, ಇಟ್ಟಿಗೆ ಚೂರು ಬೇಡ, ಮಡಚಿದ ಕಾಗದ ಬೇಡ, ಚಪ್ಪಾಳೆ ತಟ್ಟಬೇಕೆನಿಸಿತು, ಕೈ ಎಲ್ಲಿದೆ. ಆದರೆ ಸೊಟ್ಟಗಿದ್ದಾಗಲೂ ನಾನು ಓದಿದ್ದೆನಲ್ಲ, ತಪ್ಪು ಅಲ್ಲಿರಲಿಲ್ಲ ಮಗಳೇ, ಗೋಡೆಗೆಂದು ಮಾಡಿದ ಪ್ರೊಜೆಕ್ಟರನ್ನು ಮೇಲ್ಮುಖ ಇಟ್ಟರೆ ಚಿತ್ರ ತಾನೇ ತಿರುಗಿಕೊಂಡು ಎಡದ್ದು ಬಲಕ್ಕೆ ಬರುತ್ತದೆ — ಶ್ರೀರಾಂಪುರದ ಛತ್ರದಲ್ಲಿ ಅದನ್ನು ವಾಪಸ್ ತಿರುಗಿಸುವುದನ್ನು ಮರೆತು ಮದುಮಗನನ್ನು ತಲೆಕೆಳಗು ಮಾಡಿದ್ದೆ, ಬೀಗರು ಅಟ್ಟಿಸಿಕೊಂಡು ಬಂದಿದ್ದರು — ಇಲ್ಲಿ ಚಿತ್ರವೇನೋ ತಿರುಗಿದೆ, ತಿರುಗಿದ ಸುದ್ದಿ ದಿಂಬಿನ ಹತ್ತಿರದ ಕ್ಯಾಮೆರಾಕ್ಕೆ ಮುಟ್ಟಿಲ್ಲ, ಅದರ ಪಾಲಿಗೆ ಹೌದು ಇನ್ನೂ ಎಡಗಡೆಯೇ ಇದೆ, ಇರಬೇಕು, ಅಥವಾ ಈಗ ಕೂಡಿಸುವಾಗ ಅದೂ ಸರಿಹೋಯಿತೋ, ಹೆಸರು ಇನ್ನೊಮ್ಮೆ ಕೇಳಮ್ಮ, ಕೇಳು, ಗೊತ್ತಾಗಿಬಿಡುತ್ತದೆ. ಮೊದ್ಲು ಹೆಸರೇ ಕೇಳ್ತೀನಿ ಚಾಚಾ. ಬ್ಯಾಡಮ್ಮ, ಡ್ರೈವರ್ ಕಾಯ್ತಾ ಅವ್ನೆ, ಸೀದಾ ವಿಷಯಕ್ಕೆ ಬಾ. ಅಬ್ಬಾ, ಚಾಚಾ ಜೊತೆ ಹಿರಿಯೂರಿಗೆ ಹೋಗ್ತೀರಾ? ಎತ್ತ ನೋಡಲಿ, ಯಂತ್ರ ಇನ್ನೂ ತಪ್ಪಿದ್ದರೆ ಹೌದನ್ನು ನೋಡಬೇಕು, ಅದು ಇಲ್ಲ ಎನ್ನುತ್ತದೆ, ಇಲ್ಲೇ ಉಳಿಯುತ್ತೇನೆ, ಸರಿಹೋಗಿದ್ದರೆ ನನ್ನ ಕಣ್ಣಿನಿಂದಲೇ ನಾನು ಗಾಡಿ ಹತ್ತಿದಂತೆ, ಬೇಗ ನೋಡ್ರಿ ಅಬ್ಬಾ, ಮಗಳು ಸರಿಮಾಡಿರುತ್ತಾಳೆ, ನನ್ನ ಮಗಳು, ಮಾಡದೆ ಇರುತ್ತಾಳೆಯೇ, ಇಲ್ಲವನ್ನು ನೋಡಿದೆ. ಹೌದು, ಎಂದಿತು ಯಂತ್ರ.

ಬರ್ತಾರಂತೆ ಬರ್ತಾರಂತೆ, ಸ್ಟ್ರೆಚರ್ ತಗಂಬರ್ರಿ, ಹಫೀಜ್ ಬಾಗಿಲಿಗೆ ಓಡುತ್ತಾನೆ, ಅಮ್ಮಿ, ಅಬ್ಬಾ ಮಾತಾಡಿದ್ರು, ಮದೀಹಾ ಅಳುತ್ತಲೇ ನಗುತ್ತಾಳೆ, ಅಲ್ಲ ಮಗಳೇ, ಅಲ್ಲ, ಎಡಕ್ಕೆ ನೋಡಿದೆ, ಇನ್ನೂ ಎಡಕ್ಕೇ ನೋಡುತ್ತಿದ್ದೇನೆ, ಯಾರೂ ನನ್ನ ಕಣ್ಣು ನೋಡುತ್ತಿಲ್ಲ, ಎಲ್ಲರೂ ಯಂತ್ರದ ಕಡೆ ತಿರುಗಿದ್ದಾರೆ, ತಾಹೇರಾ ಒಬ್ಬಳು ಬಂದು ನನ್ನ ಅಂಗಿಯ ಗುಂಡಿ ಹಾಕಲು ಬಾಗುತ್ತಾಳೆ, ಕೆಳಗಿನ ಪ್ರೊಜೆಕ್ಟರಿನ ಬೆಳಕು ಅವಳ ಮುಖಕ್ಕೆ ಬೀಳುತ್ತದೆ, ಛಾವಣಿ ಕಾಣಿಸುವುದಿಲ್ಲ, ನನ್ನನ್ನ ಬಿಟ್ಟು ಹೋಗ್ತೀನಿ ಅಂದ್ರಲ್ರೀ ಎನ್ನುತ್ತಾಳೆ, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ಅವಳ ಹಣೆಯ ಮೇಲೆ ಇಲ್ಲ, ಸೊಟ್ಟಗೆ, ಹುಬ್ಬಿನಿಂದ ಹುಬ್ಬಿಗೆ ಇಲ್ಲ, ನೋಡುತ್ತಿದ್ದೇನೆ, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದೇನೆ, ಓದು ತಾಹೇರಾ, ಹಂಗ್ಯಾಕೆ ನನ್ನ ಹಣೆ ನೋಡ್ತೀರಿ, ಓದು, ಅವಳಿಗೊಬ್ಬಳಿಗೇ ಕಾಣದ ಜಾಗದಲ್ಲಿ, ಇಲ್ಲ, ಹಣೆಯ ಮೇಲೆ, ಇಲ್ಲ