ಮಂಚದಿಂದ ಬಚ್ಚಲಿಗೆ

ನಮ್ಮತ್ತೆಯ ಕೋಣೆಯ ನೆಲವನ್ನು ನಾನು ಉಜ್ಜಿದ್ದು ನೆಲದ ಮೇಲಿನ ಪ್ರೀತಿಗಲ್ಲ, ನಾದಿನಿಯ ಬಾಯಿ ಮುಚ್ಚಿಸಲು. ಹೋದ ಸಲ ಬಂದಿದ್ದಾಗ ಅವಳು ಬಾಗಿಲಲ್ಲೇ ನಿಂತು, "ಅಮ್ಮನ ರೂಮಿನ ನೆಲ ನೋಡೋಕಾಗಲ್ಲ ಅತ್ತಿಗೆ, ದನ ಓಡಾಡಿದ ಹಾಗಿದೆ" ಅಂದಿದ್ದಳು. ಹಳೆಯ ಮರದ ಹಲಗೆಗಳ ನೆಲ ಅದು. ಮಂಚದಿಂದ ಬಚ್ಚಲಿಗೆ ಹೋಗುವ ಕಡೆ ನಲವತ್ತು ವರ್ಷದ ಓಡಾಟಕ್ಕೆ ಕಂದು ಬಣ್ಣ ಸವೆದು, ಬೆಳ್ಳಗೆ ಒಂದು ಪಟ್ಟಿ ಬಿದ್ದಿತ್ತು.

ಆ ಮಾತಿನ ಹಿಂದೆ ಇನ್ನೊಂದು ಮಾತಿತ್ತು. ಅತ್ತೆಗೆ ಕಣ್ಣು ಮಂಜಾಗುತ್ತಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ನನ್ನ ಗಂಡ, ನಾದಿನಿ, ಅಣ್ಣ ತಂಗಿ ಇಬ್ಬರೂ ಸೇರಿ ತೀರ್ಮಾನಿಸಿದ್ದರು: ಅಮ್ಮನನ್ನು ಕೈ ಹಿಡಿದು ನಡೆಸುವ ದಿನ ಬಂದರೆ ಅವರು ನಾದಿನಿಯ ಮನೆಗೆ, ನಾಲ್ಕನೇ ಮಹಡಿಗೆ, ಹಗಲಿಗೊಬ್ಬಳು ರಾತ್ರಿಗೊಬ್ಬಳು ನರ್ಸು. ಅತ್ತೆ ಅದಕ್ಕೆ, "ಆ ದಿನ ಬರಲಿ, ಆಮೇಲೆ ನೋಡೋಣ" ಅಂದು ಎದ್ದು, ಯಾರನ್ನೂ ಹಿಡಿಯದೆ ತಮ್ಮ ಕೋಣೆಗೆ ಹೋಗಿದ್ದರು. ಬರುವ ಭಾನುವಾರ ನಾದಿನಿ ಮತ್ತೆ ನೋಡಲು ಬರುವವಳಿದ್ದಳು.

"ಕೆಲಸದವರನ್ನ ಕರೆಸೋಣ" ಎಂದರು ಇವರು. ನನಗೆ ರೇಗಿತು. ನಾನೇ ಮಾಡುತ್ತೇನೆಂದೆ. ಅತ್ತೆ ಮಾತ್ರ, "ಇರೋದು ಇದ್ದ ಹಾಗೇ ಇರಲಿ ಬಿಡೇ, ನಿನಗ್ಯಾಕೆ ಇಲ್ಲದ ಉಸಾಬರಿ" ಅಂದರು. ವಯಸ್ಸಾದವರ ಹಟ ಅಂದುಕೊಂಡು ಅವರ ಮಂಚ, ಹಾಸಿಗೆ ಎರಡನ್ನೂ ಹಜಾರಕ್ಕೆ ಸಾಗಿಸಿದೆ.

ಹಾರ್ಡ್‌ವೇರ್ ಅಂಗಡಿಯವನು ಉಜ್ಜುವ ಯಂತ್ರ ಬಾಡಿಗೆಗೆ ಕೊಟ್ಟ. ಜೊತೆಗೆ ಮೂರು ಥರದ ಉಜ್ಜುಕಾಗದ: ಒರಟು, ನಡುತರ, ನಯ. "ಮರದ ಎಳೆ ಹೋದ ಕಡೆಗೇ ಹೋಗ್ಬೇಕು. ಯಂತ್ರ ಓಡ್ತಿರುವಾಗ ನಿಂತಲ್ಲೇ ನಿಲ್ಲಬಾರದು" ಎಂದ. ನಾನು ಹೂಂ ಹೂಂ ಎಂದೆ. ಮೊದಲ ಹತ್ತು ನಿಮಿಷದಲ್ಲೇ ಬೆವರು ಒರೆಸಿಕೊಳ್ಳಲು ನಿಂತೆ. ಯಂತ್ರ ಕಿಟಕಿಯ ಹತ್ತಿರ ಅಂಗೈಯಗಲದ ಹಳ್ಳ ತೋಡಿಬಿಟ್ಟಿತು.

"ಹಲಗೇನೇ ಸರಿ ಇಲ್ಲ" ಎಂದೆ ಹಜಾರಕ್ಕೆ ಕೇಳುವ ಹಾಗೆ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಅಲ್ಲಿಂದ ಉತ್ತರ ಬಂತು. ನಮ್ಮತ್ತೆಗೆ ಕಣ್ಣು ಮಂಜಾಗಿರಬಹುದು, ನಾಲಿಗೆಗೆ ಏನೂ ಆಗಿರಲಿಲ್ಲ.

ಎರಡು ದಿನ ಉಜ್ಜಿದೆ. ಮೂಲೆಗಳಿಗೆ ಯಂತ್ರ ಹೋಗದು, ಅಲ್ಲೆಲ್ಲ ಮಂಡಿಯೂರಿ ಕೈಯಲ್ಲೇ. ಮೂಗು, ಕಿವಿ, ರೆಪ್ಪೆ ಎಲ್ಲ ಕಡೆ ಮರದ ಹಿಟ್ಟು. ಬೆಳ್ಳಗೆ ಪಟ್ಟಿ ಬಿದ್ದ ಜಾಗ, ಬೀಳದ ಜಾಗ ಎಲ್ಲ ಒಂದೇ ಆಯಿತು. ಆಮೇಲೆ ಮರಕ್ಕೆ ಹಾಕುವ ಬಣ್ಣ. ಇದು ಪೇಂಟಿನ ಹಾಗೆ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತದೆ. ಬಟ್ಟೆಯಲ್ಲಿ ಬಳಿದು, ಐದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸಬೇಕು. ನಾನು ಕಡು ಕಾಫಿ ಬಣ್ಣ ಆರಿಸಿದ್ದೆ. ಗುರುವಾರ ಸಂಜೆ ಬಾಗಿಲಲ್ಲಿ ನಿಂತು ನೋಡಿದರೆ, ಆಹಾ, ಕಿಟಕಿಯ ಹಳ್ಳವೂ ಕಾಣದ ಹಾಗೆ ಗೋಡೆಯಿಂದ ಗೋಡೆಗೆ ಒಂದೇ ಬಣ್ಣ. ಮೇಲೆ ವಾರ್ನಿಷ್ ಬಳಿಯುವುದೊಂದು ಬಾಕಿ, ಅದನ್ನು ಮುಂದಿನ ವಾರಕ್ಕಿಟ್ಟೆ. ಜಂಬದಿಂದ ನನಗೆ ಆ ರಾತ್ರಿ ಊಟವೇ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಮಂಚವನ್ನು ಮೊದಲಿನ ಜಾಗಕ್ಕೆ ಎಳೆದು ಅತ್ತೆಯನ್ನು ಕರೆದೆ. ಅವರು ಹೊಸ್ತಿಲಲ್ಲಿ ನಿಂತರು.

"ಚೆನ್ನಾಗಿದೆ" ಎಂದರು.

"ಒಳಗೆ ಬನ್ನಿ, ಒಣಗಿದೆ."

ಅವರು ಒಂದು ಕಾಲು ಮುಂದಿಟ್ಟು ಹಿಂದೆಳೆದುಕೊಂಡರು. ಚೌಕಟ್ಟು ಹಿಡಿದ ಕೈ ಬಿಡಲಿಲ್ಲ. ಮತ್ತೆ ಕಾಲಿಟ್ಟರು, ಎರಡೂ ಕೈ ಅಕ್ಕಪಕ್ಕ ಚಾಚಿ ನಾಲ್ಕು ಹೆಜ್ಜೆ ನಡೆದರು, ಮಂಚದ ಕಡೆಗಲ್ಲ, ಬೀರುವಿನ ಕಡೆಗೆ. ಮಂಡಿ ಬೀರುವಿನ ಮೂಲೆಗೆ ಬಡಿಯಿತು. ಇಷ್ಟು ಕಾಣದಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ; ಇಷ್ಟು ದಿನ ಹಜಾರದಲ್ಲಿ ಅವರು ಗೋಡೆ ಸವರಿಕೊಂಡೇ ಓಡಾಡಿದ್ದನ್ನು ಧೂಳಿನ ಗಲಾಟೆಯಲ್ಲಿ ನಾನು ಗಮನಿಸಿರಲಿಲ್ಲ.

ಹಿಡಿಯಲು ಹೋದೆ. ಕೈ ಕೊಡವಿದರು. ತಡಕಾಡಿ ಮಂಚದ ಮೇಲೆ ಕೂತು, "ಆ ಬಿಳೀ ಪಟ್ಟಿ ಒಂದೇ ನನ್ನ ಕಣ್ಣಿಗೆ ಕಾಣ್ತಿತ್ತು. ಅದನ್ನ ಹಿಡ್ಕೊಂಡು ಓಡಾಡ್ತಿದ್ದೆ. ನೀನು ದಾರೀನೇ ಅಳಿಸಿಬಿಟ್ಟೆ ಕಣೇ" ಎಂದರು.

"ಮೊದಲೇ ಹೇಳೋಕೇನಾಗಿತ್ತು ನಿಮಗೆ?" ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಹೇಳಿದ್ರೆ ನೀನು ಅವನ ಕಿವಿಗೆ ಹಾಕ್ತಿದ್ದೆ."

ಹಾಕುತ್ತಿದ್ದೆ, ಸುಳ್ಳೇಕೆ ಹೇಳಲಿ. ಒಳ್ಳೆಯದಕ್ಕೇ ಎಂದುಕೊಂಡು ಹಾಕುತ್ತಿದ್ದೆ. ಆದರೆ ಈಗ ಅವರು ಮಂಚದ ತುದಿಯಲ್ಲಿ ಕೂತು ಮಂಡಿ ಉಜ್ಜಿಕೊಳ್ಳುತ್ತಿದ್ದರು, ನನ್ನ ಕಡೆ ತಿರುಗಿದ ಮುಖ ನಾನಿದ್ದ ಜಾಗಕ್ಕಿಂತ ಒಂದು ಗೇಣು ಆಚೆ ನೋಡುತ್ತಿತ್ತು. ನನಗೆ ಅಳು ಬಂತು. ನಾಳೆ ನಾದಿನಿಯ ಕಣ್ಣೆದುರು ಹೀಗೆ ತಡಕಾಡಿದರೆ ಮುಗಿಯಿತು, ನಾಲ್ಕನೇ ಮಹಡಿಯೇ ಗತಿ.

ಯಂತ್ರವನ್ನು ವಾಪಸ್ ಕೊಟ್ಟಾಗಿತ್ತು. ಉಳಿದಿದ್ದ ಒರಟು ಕಾಗದವನ್ನು ಮರದ ತುಂಡಿಗೆ ಸುತ್ತಿ, ಮಂಚದ ಕಾಲಿನಿಂದ ಬಚ್ಚಲ ಬಾಗಿಲಿಗೆ ದಾರ ಕಟ್ಟಿ ಮಂಡಿಯೂರಿದೆ.

"ಏನು ಮಾಡ್ತಿದ್ದೀಯ?"

"ನಿಮ್ಮ ದಾರಿ."

ಅವರು ಪಾದ ಚಾಚಿ ನೆಲ ಸವರಿದರು, ದಾರ ತಗುಲಿತು. "ದಾರ ಕಟ್ಟಿದ್ದೀಯ ತಾನೆ? ಬಿಚ್ಚು. ನೆಟ್ಟಗೆ ಬೇಡ. ಬೀರು ಹತ್ರ ಬಾಗಿಸು. ನಿಮ್ಮ ಮಾವ ಅದನ್ನ ಅಲ್ಲಿ ತಂದಿಟ್ಟಾಗಿಂದ ಸುತ್ತಿ ಹೋಗೋದೇ ಅಭ್ಯಾಸ. ಬೇಡ ಅಂದ್ರೂ ಕೇಳಿರಲಿಲ್ಲ, ನಿನ್ನ ಹಾಗೇ."

ಒಳಗಿಳಿದ ಬಣ್ಣ ಸುಲಭಕ್ಕೆ ಹೊರಡದು. ಸಂಜೆಯವರೆಗೆ ಉಜ್ಜಿದೆ, ಒರಟು, ನಡುತರ, ನಯ. ಒಂದನ್ನೂ ಬಿಡಲಿಲ್ಲ. ಎರಡು ಗೇಣಗಲದ ಬೆಳ್ಳನೆಯ ಪಟ್ಟಿ ಎದ್ದಿತು. ಕೋಣೆಯ ಬಾಗಿಲಿಗೊಂದು ಕವಲು. ಅತ್ತೆ ಎದ್ದು ಅದರ ಮೇಲೆ ಬರಿಗಾಲಲ್ಲಿ ಹೋಗಿ ಬಂದರು, ಮತ್ತೊಮ್ಮೆ ಹೋಗಿ ಬಂದರು. ನನ್ನ ಬೆರಳ ತುದಿಗಳು ಸುಲಿದಿದ್ದವು.

ಭಾನುವಾರ ನಾದಿನಿ ಬಂದಳು. ಬಾಗಿಲಲ್ಲೇ ನಿಂತಳು.

"ಬಣ್ಣ ಚೆನ್ನಾಗಿದೆ ಅತ್ತಿಗೆ. ಆದ್ರೆ ಮಧ್ಯದಲ್ಲಿ ಇದೇನು ಅವತಾರ, ಬಳಿದು ಕೆರೆದ ಹಾಗೆ?"

ಅವಳ ಬಾಯಿ ಮುಚ್ಚಿಸಲೆಂದೇ ನಾನು ಆ ನೆಲಕ್ಕೆ ಬಿದ್ದು ಹೊರಳಾಡಿದ್ದು. ಇದ್ದದ್ದನ್ನು ಹೇಳಿಬಿಡೋಣ ಅನ್ನಿಸಿತು. ಮಂಚದ ಮೇಲಿದ್ದ ಅತ್ತೆ ಕಿವಿ ನೆಟ್ಟಗೆ ಮಾಡಿ ಕೂತಿದ್ದರು.

"ಮೊದಲನೇ ಸಲ ಅಲ್ವಾ" ಎಂದೆ, "ಅಲ್ಲಿ ಕೆಟ್ಟೋಯ್ತು."

"ಕೆಲಸದವರನ್ನ ಕರೆಸೋಣ ಅಂತ ನಾನು ಹೇಳಿರ್ಲಿಲ್ವಾ?" ಎಂದು ಇವರು ನಕ್ಕರು. ನಗಲಿ ಎಂದು ಬಿಟ್ಟೆ.

ಅತ್ತೆ ಎದ್ದರು. ಕೈ ಚಾಚದೆ, ಗೋಡೆ ಮುಟ್ಟದೆ ನಡೆದರು, ಬೀರುವಿನ ಹತ್ತಿರ ಬಾಗಿ ಸುತ್ತಿ, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ನಾದಿನಿ ನೋಡುತ್ತಲೇ ಇದ್ದಳು.

"ಪರವಾಗಿಲ್ಲ, ಅಮ್ಮ ಆರಾಮಾಗೇ ಓಡಾಡ್ತಾಳೆ" ಎಂದಳು ಅಣ್ಣನಿಗೆ. ಆಮೇಲೆ ನನಗೆ, "ನಮ್ಮ ಕಡೆ ಒಬ್ಬ ಮರಗೆಲಸದವನಿದ್ದಾನೆ ಅತ್ತಿಗೆ, ನಾಳೆನೇ ಕಳಿಸ್ತೀನಿ. ಆ ಪಟ್ಟಿ ಸರಿ ಮಾಡಿಕೊಡ್ತಾನೆ."

ಚಿಲಕ ತೆಗೆದ ಸದ್ದಾಯಿತು. ಅತ್ತೆ ಬಂದ ದಾರಿಯಲ್ಲೇ ವಾಪಸ್ ಬಂದು ಮಂಚದ ಮೇಲೆ ಕೂತು ಸೆರಗು ಸರಿಮಾಡಿಕೊಂಡರು.

"ಯಾರೂ ಬೇಡ" ಎಂದರು. "ಕೆಡಿಸಿದೋಳೇ ನೋಡ್ಕೊಳ್ತಾಳೆ."