ಬೇಯಿಸಿದ ವೀಳ್ಯದೆಲೆ

ಹೆಣ ಜಗಲಿಯಲ್ಲಿರುವಾಗಲೇ ಅಡುಗೆಮನೆಯಲ್ಲಿ ಗ್ಯಾಸ್ ಲೈಟರ್ ಟಕ್ಕೆಂದಿತು. ಅರಕಲಗೂಡಿನ ನೆಂಟರಿಷ್ಟರೆಲ್ಲ ಅಳು ನಿಲ್ಲಿಸಿ ಕಿವಿ ನಿಮಿರಿಸಿದರು.

"ಹೆಣ ಎತ್ತೋಕ್ ಮುಂಚೆ ಒಲೆ ಅಚ್ತಾರಾ? ಯಾರದು?" ಗುಂಡಿ ತೋಡಿಸಿ ಬಂದಿದ್ದ ನೆಂಟ ಸಿದ್ದೇಶ್ವರ ಗದರಿದ.

"ಸೊಸೆ ರಂಜಿತಾ ಕಣಪ್ಪ," ಎಂದಳು ಪಕ್ಕದ ಮನೆಯ ಬೆಟ್ಟಮ್ಮ. "ಬದುಕಿದ್ದಾಗಂತೂ ಮಾವನ್ ಜೊತೆ ಮಾತಾಡ್ಲಿಲ್ಲ. ಬಂದು ಬಾಯಿಗೆ ಎಲೆಅಡಿಕೆ ಇಡವ್ವ ಅಂದ್ರೆ, ಟೀ ಕಾಯ್ಸೋಕ್ ಓದ್ಳು!"

ತೀರಿಹೋದ ಮಾವ ಪರಮಶಿವಯ್ಯ ಮೈತುಂಬ ವಿಭೂತಿ ಬಳಿಸಿಕೊಂಡು, ಗೋಡೆಗೊರಗಿ, ಸಭೆಯ ಅಧ್ಯಕ್ಷತೆ ವಹಿಸಿದವರಂತೆ ಕೂತಿದ್ದರು.

* * *

ತಪ್ಪು ಒಂದೆಲಗದ್ದು. ಹಸಿಯಾಗಿ ಅಗಿದರೆ ಲೆಕ್ಕ ತಲೆಗೆ ಹತ್ತುತ್ತದೆಂದು ಪರಮಶಿವಯ್ಯ ದಿನಾ ಬೆಳಗ್ಗೆ ಕಾಲುವೆ ದಂಡೆಯಿಂದ ಕಿತ್ತು ತಂದು ಮೊಮ್ಮಗಳು ಶಿವರಂಜನಿಗೆ ತಿನ್ನಿಸುತ್ತಿದ್ದರು. ಅದೇ ದಂಡೆಯಲ್ಲಿ ಕುರಿಗಳೂ ಮೇಯುತ್ತಿದ್ದವು. ಲೆಕ್ಕ ಹತ್ತಲಿಲ್ಲ, ಜ್ವರ ಹತ್ತಿತು.

ಹಾಸನದ ಡಾಕ್ಟರು ರಕ್ತದ ವರದಿ ನೋಡಿದರು. "ಕುರಿಗೆ ಬರೋ ಲಿವರ್ ಹುಳ, ಹಸಿ ಎಲೆ ಜೊತೆ ಮಗು ಹೊಟ್ಟೆ ಸೇರಿದೆ. ಇಯೊಸಿನೊಫಿಲ್ ಅಂತ ಬಿಳಿ ರಕ್ತಕಣ, ಹುಳದ ಮೇಲೆ ಯುದ್ಧಕ್ಕೆ ನಿಂತು ವಿಪರೀತ ಹೆಚ್ಚಿವೆ."

"ನೋಡ್ದಾ, ನಮ್ ವಂಶದ ರಕ್ತ!" ಪರಮಶಿವಯ್ಯ ಮೀಸೆ ತಿರುವಿದರು.

ರಂಜಿತಾ ಸಿಡಿದಳು. "ಇನ್ಮೇಲೆ ನಮ್ಮನೇಲಿ ಬೇಯಿಸದ ಎಲೆ ಯಾರ ಬಾಯಿಗೂ ಓಗ್ಕೂಡ್ದು!"

ಮಾವನೊಂದಿಗೆ ಅದೇ ಕೊನೆಯ ಮಾತು. ಗುಳಿಗೆಗೆ ಹುಳ ಹೋಯಿತು, ಮಾತು ಮರಳಲಿಲ್ಲ. "ಊಟಕ್ಕಾಯ್ತು" ಎಂದು ಅವಳು ಬೆಕ್ಕಿಗೆ ಹೇಳುತ್ತಿದ್ದಳು. ಬೆಕ್ಕಿಗಿಂತ ಮೊದಲು ಮಾವ ಬಂದು ಕೂರುತ್ತಿದ್ದರು. ಪಾಪ, ಅಂದಿನಿಂದ ವೀಳ್ಯದೆಲೆಯನ್ನೂ ಕುದಿನೀರಿಗೆ ಅದ್ದಿ, ಸೊಸೆಗೆ ಕಾಣಲೆಂದು ಅಡುಗೆಮನೆ ಬಾಗಿಲಲ್ಲೇ ನಿಂತು ಜಗಿಯುತ್ತಿದ್ದರು. ಅವಳಿಗೂ ಮನಸ್ಸು ಕರಗಿತ್ತು. ಯುಗಾದಿಗೆ ಮಾತಾಡಿಸಿದರಾಯಿತು ಅಂದುಕೊಂಡಿದ್ದಳು. ಮುದುಕರು ಶಿವರಾತ್ರಿ ಮುಗಿಯುತ್ತಲೇ ಹೊರಟುಬಿಟ್ಟರು.

* * *

ರಂಜಿತಾ ಹೊರಬಂದಳು. ಕೈಯಲ್ಲಿ ಟೀ ಇರಲಿಲ್ಲ, ಹಬೆಯಾಡುವ ಪಾತ್ರೆಯಿತ್ತು.

"ಒತ್ತಾಯ್ತು, ಎಲೆ ಇಡವ್ವ," ಎಂದು ಸಿದ್ದೇಶ್ವರ ತಾಂಬೂಲದ ತಟ್ಟೆ ಚಾಚಿದ.

ಅವಳು ಒಂದು ಎಲೆ ತೆಗೆದು ಕುದಿನೀರಿಗೆ ಅದ್ದಿದಳು.

"ಅಯ್ಯೋ, ಶಾಸ್ತ್ರ ಕೆಡಿಸ್ಬುಟ್ಲಲ್ಲಪ್ಪ!" ಎಂದಳು ಬೆಟ್ಟಮ್ಮ.

"ಸುಮ್ಕಿರು," ಪರಮಶಿವಯ್ಯನವರ ಹೆಂಡತಿ ನೀಲಗಂಗಮ್ಮ ಕಣ್ಣೊರೆಸಿಕೊಂಡರು. "ಅವ್ರು ತಿಂತಿದ್ದದ್ದೇ ಅಂಗೆ."

ರಂಜಿತಾ ಮಾವನೆದುರು ಮಂಡಿಯೂರಿದಳು. ಬೆಕ್ಕು ಪಕ್ಕದಲ್ಲೇ ಕೂತಿತ್ತು. ಅವಳು ಅದರತ್ತ ನೋಡಲಿಲ್ಲ.

"ಮಾವ, ಬೇಯ್ಸಿದೀನಿ. ತಿನ್ನಿ."

ಎಲೆಯನ್ನು ಊದಿ, ಇನ್ನೊಮ್ಮೆ ಊದಿ, ಬಿಸಿ ಆರಿದೆಯೇ ಎಂದು ತನ್ನ ಕೆನ್ನೆಗೆ ತಾಗಿಸಿ ನೋಡಿ, ಅವರ ತುಟಿಗಿಟ್ಟಳು.