ಎಡ ಮೂಲೆಯ ಜೋಡಿ

ಕಡಲೆಕಾಯಿ ಚೀಲವನ್ನು ಬರಿಗಣ್ಣಲ್ಲೇ ತೂಗಬಲ್ಲ ಒಬ್ಬ ಆಸಾಮಿ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿದ್ದ. ಅವನೇ ತೂಕದ ರಾಜಣ್ಣ. ಚೀಲ ಲಾರಿಯಿಂದ ಇಳಿಯುವ ಮೊದಲೇ "ನಲವತ್ತೊಂದೂವರೆ" ಎನ್ನುತ್ತಿದ್ದ. ಆಮೇಲೆ ಕಾಟಾದ ಮೇಲಿಟ್ಟರೆ ಹೆಚ್ಚೆಂದರೆ ಕಾಲು ಕಿಲೋ ಅತ್ತಿತ್ತ ಆಗುತ್ತಿತ್ತು. ಈ ಕಣ್ಣನ್ನು ಮೆಚ್ಚಿಯೇ ಸಾಹುಕಾರರು ಮಿಲ್ಲಿನ ಕಬಡ್ಡಿ ತಂಡವನ್ನೂ ಅವನ ತಲೆಗೆ ಕಟ್ಟಿದ್ದರು. ಚೀಲ ತೂಗುವವನು ಮನುಷ್ಯರನ್ನು ತೂಗಲಾರನೇ ಎಂದು ಅವರ ವಾದ. ರಾಜಣ್ಣನೂ ತನ್ನ ಬಗ್ಗೆ ಹಾಗೆಯೇ ಅಂದುಕೊಂಡಿದ್ದ. ಎಲ್ಲ ತೊಂದರೆಯೂ ಅಲ್ಲಿಂದಲೇ ಶುರುವಾಯಿತು.

ತೊಂಬತ್ತೊಂಬತ್ತರ ಸಂಕ್ರಾಂತಿ ಕಳೆದ ವಾರ ಸಾಹುಕಾರರು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರ ಜೊತೆ ಮಾತುಕತೆ ಮುಗಿಸಿ ಬಂದರು. ಆ ವ್ಯಾಪಾರಿಯೂ ಒಂದು ತಂಡ ಸಾಕಿದ್ದರು. ಅವರ ವಿನೋದ್ ಎಂಬ ರೈಡರ್ ಇಲ್ಲಿಗೆ ಬರಬೇಕು, ಇಲ್ಲಿಂದ ಇಬ್ಬರು ಅಲ್ಲಿಗೆ ಹೋಗಬೇಕು. ಹೋದವರಿಗೆ ಅಲ್ಲೇ ಅಂಗಡಿಯಲ್ಲಿ ಕೆಲಸ, ಬಂದವನಿಗೆ ಇಲ್ಲಿ ಮಿಲ್ಲಿನಲ್ಲಿ ಕೆಲಸ.

"ಯಾರನ್ನ ಕೊಟ್ರೆ ನಮಗೇನೂ ಕಮ್ಮಿ ಆಗಲ್ಲ, ಹೇಳು" ಎಂದು ಸಾಹುಕಾರರು ಕೇಳಿದಾಗ ರಾಜಣ್ಣ ಉಸಿರು ಎಳೆದುಕೊಳ್ಳುವಷ್ಟೂ ಯೋಚಿಸಲಿಲ್ಲ. ಮೀಸಲು ಆಟಗಾರನೊಬ್ಬನ ಹೆಸರು ಹೇಳಿದ. ಎರಡನೆಯದು ಕ್ಯಾತಣ್ಣನ ಹೆಸರು.

ಕ್ಯಾತಣ್ಣ ಎಂಟು ವರ್ಷದಿಂದ ಎಡ ಮೂಲೆಯ ಪಕ್ಕದಲ್ಲಿ ನಿಲ್ಲುತ್ತಿದ್ದವನು. ಮೂಲೆಯಲ್ಲಿ ಪಾಲಾಕ್ಷ, ಅವನ ಕೈ ಹಿಡಿದುಕೊಂಡು ಕ್ಯಾತಣ್ಣ. ಎದುರಾಳಿ ರೈಡರ್ ಒಳಗೆ ಬಂದನೆಂದರೆ ಪಾಲಾಕ್ಷ ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು ಅವನ ಹಿಮ್ಮಡಿ ಕಚ್ಚಿ ಹಿಡಿಯುತ್ತಿದ್ದ. ಚಿತ್ರದುರ್ಗ, ಹಿರಿಯೂರು, ಬಳ್ಳಾರಿ, ಎಲ್ಲಿ ಹೋದರೂ ಜನ ಪಾಲಾಕ್ಷನ ಹೆಸರು ಕೂಗುತ್ತಿದ್ದರು. ಕ್ಯಾತಣ್ಣ ಮಾತ್ರ ಅಷ್ಟು ವರ್ಷದಲ್ಲಿ ಒಬ್ಬನನ್ನೂ ತಾನಾಗಿ ಹಿಡಿದವನಲ್ಲ. ಬರುತ್ತಿದ್ದ, ನಿಲ್ಲುತ್ತಿದ್ದ, ಆಟ ಮುಗಿದ ಮೇಲೆ ಮೈಮೇಲಿನ ಮಣ್ಣು ಕೊಡವಿಕೊಂಡು ಹೋಗುತ್ತಿದ್ದ.

"ಕೈ ಹಿಡ್ಕಂಡು ನಿಲ್ಲಾಕೆ ಯಾರಾದ್ರೂ ಸಿಕ್ತಾರೆ ಬಿಡ್ರಿ" ಎಂದಿದ್ದ ರಾಜಣ್ಣ. ಆ ಮಾತು ಆಡಿದ ಬಾಯಿಗೆ ಮಣ್ಣು ಹಾಕಬೇಕು ಎಂದು ಅವನಿಗೇ ಅನ್ನಿಸಲು ಇನ್ನೂ ಮೂರು ವಾರ ಬೇಕಿತ್ತು.

ವಿನೋದ್ ಬಂದ. ನೇಕಾರರ ಮನೆಯ ಹುಡುಗ, ಮನೆಮಾತು ತೆಲುಗು, ಸಣಕಲು ಮೈ, ಮಗ್ಗದ ಗುಂಡಿಯಲ್ಲಿ ಕೂತು ಬೆಳೆದ ಕಾಲಿಗೆ ಇಷ್ಟು ಓಟ ಎಲ್ಲಿಂದ ಬಂತೋ ಎನ್ನುವಂತೆ ಓಡುತ್ತಿದ್ದ. ಸಾಹುಕಾರರು ಅವನ ರೈಡ್ ನೋಡಿ ತೊಡೆ ತಟ್ಟಿಕೊಂಡರು. ಅವನು ನಲವತ್ತು ನಿಮಿಷವೂ ಆಡಬೇಕೆಂದು ಅಪ್ಪಣೆಯಾಯಿತು. ಅಲ್ಲಿಯವರೆಗೆ ರೈಡ್ ಮಾಡುತ್ತಿದ್ದ ಇಬ್ಬರು ಮುಖ ಊದಿಸಿಕೊಂಡರು. ರಾಜಣ್ಣ ಒಬ್ಬನಿಗೆ ಮೊದಲರ್ಧ, ಇನ್ನೊಬ್ಬನಿಗೆ ಎರಡನೇ ಅರ್ಧ ಎಂದು ಪೂಸಿ ಹೊಡೆದು ಸಮಾಧಾನ ಮಾಡಿದ. ಇದೆಲ್ಲ ಅವನಿಗೆ ಹೊಸದಲ್ಲ.

ಹೊಸದು ಪಾಲಾಕ್ಷನ ಗತಿ. ಕ್ಯಾತಣ್ಣನ ಜಾಗಕ್ಕೆ ಮೀಸಲು ಆಟಗಾರ ಯರ್ರಪ್ಪನನ್ನು ನಿಲ್ಲಿಸಿದ ದಿನದಿಂದ ಪಾಲಾಕ್ಷ ಒಂದು ಹಿಮ್ಮಡಿಯನ್ನೂ ಹಿಡಿಯಲಿಲ್ಲ. ಒಮ್ಮೆ ಬೇಗ ಬಿದ್ದ, ರೈಡರ್ ಅವನನ್ನು ದಾಟಿಕೊಂಡು ಹೋದ. ಇನ್ನೊಮ್ಮೆ ತಡವಾಗಿ ಬಿದ್ದ, ಕೈಗೆ ಧೂಳು ಸಿಕ್ಕಿತು. ಯರ್ರಪ್ಪನ ಬದಲು ಕೆಂಚಣ್ಣನನ್ನು ನಿಲ್ಲಿಸಿದರೂ ಅದೇ ಕಥೆ.

ಸಾಹುಕಾರರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? "ಇಬ್ರು ಹೋದ್ರು, ಒಬ್ಬ ಬಂದ, ಈಗ ಹನ್ನೊಂದು ಜನ. ಹತ್ತು ಸಾಕು ನಂಗೆ. ರಾಂಪುರದ ಪಂದ್ಯ ಮುಗೀಲಿ, ಒಬ್ಬನ್ನ ತೆಗಿ. ಯಾರನ್ನ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?" ಎಂದರು.

ಹೇಳಬೇಕಾಗಿರಲಿಲ್ಲ. ತಂಡದಿಂದ ಹೋದವನು ಮಿಲ್ಲಿನಿಂದಲೂ ಹೋದಂತೆಯೇ. ಪಾಲಾಕ್ಷನಿಗೆ ಮೂವತ್ತೆರಡು ವರ್ಷ. ಅವ್ವ, ಹೆಂಡತಿ, ಎರಡು ಮಕ್ಕಳು, ಎಲ್ಲರ ಊಟ ಈ ಕೆಲಸದ ಮೇಲೆ.

ರಾಜಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೂಕದ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹನ್ನೊಂದು ಹೆಸರು ಬರೆದ, ಆಡುವ ಏಳು ಹೆಸರಿನ ಕೆಳಗೆ ಗೆರೆ ಎಳೆದ, ಅಳಿಸಿದ, ಮತ್ತೆ ಬರೆದ. ತಂದಿಟ್ಟ ಟೀ ಕೆನೆಗಟ್ಟಿತು. ಒಂದು ಚೀಲವನ್ನು ಮೂವತ್ತೆಂಟು ಎಂದ, ಕಾಟಾ ನಲವತ್ತೆರಡು ತೋರಿಸಿತು. ಹಮಾಲಿಗಳು ಮುಖ ಮುಖ ನೋಡಿಕೊಂಡರು.

"ಗೋಡೆಗೆ ಸುಣ್ಣ ಹೊಡೆಯೋದಾದ್ರೆ ಮನೇಲೇ ಹೊಡೀಬಹುದಿತ್ತಲ್ಲ" ಎಂದಳು ಹೆಂಡತಿ ಗೀತಮ್ಮ, ಅವನ ಬಿಳಿಯಾದ ಬೆರಳು ನೋಡಿ. ಅವನಿಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಭ್ಯಾಸದಲ್ಲಿ ಅವನ ತಾಳ್ಮೆ ಕೆಟ್ಟಿತು. ಪಂಚೆ ಮೇಲಕ್ಕೆ ಕಟ್ಟಿ ತಾನೇ ಅಂಕಣಕ್ಕಿಳಿದ. "ಕೊಡ್ಲೇ ಕೈ. ಕ್ಯಾತಣ್ಣ ಮಾಡೋವಂಥದ್ದು ನನ್ನ ಕೈಲಿ ಆಗಲ್ವಾ?" ಎಂದು ಪಾಲಾಕ್ಷನ ಕೈ ಹಿಡಿದು ಪಕ್ಕದಲ್ಲಿ ನಿಂತ. ವಿನೋದ್ ನಡುಗೆರೆ ದಾಟಿ ಬಂದ. ಕಬಡ್ಡಿ ಕಬಡ್ಡಿ ಎನ್ನುತ್ತ ಎಡ ಮೂಲೆಗೆ ಬಂದು ಕಾಲು ಚಾಚಿದ.

"ಒತ್ತಣ್ಣ" ಎಂದ ಪಾಲಾಕ್ಷ ಹಲ್ಲು ಕಚ್ಚಿಕೊಂಡು.

"ಏನು?"

"ಒತ್ತು ಅಂದ್ರೆ, ಒತ್ತು!"

ವಿನೋದ್ ಪಾಲಾಕ್ಷನ ಭುಜ ಮುಟ್ಟಿ ನಗುತ್ತ ವಾಪಸ್ ಹೋದ. ರಾಜಣ್ಣ ಕೈ ಬಿಡದೆ ಹಾಗೇ ನಿಂತಿದ್ದ. "ಏನನ್ನ ಒತ್ತಬೇಕಿತ್ತಲೇ ನಾನು?"

ಪಾಲಾಕ್ಷ ನೆಲ ನೋಡುತ್ತ ಹೇಳಿದ. "ಹೆಬ್ಬೆರಳು ಅಣ್ಣ. ಕ್ಯಾತಣ್ಣ ಹೆಬ್ಬೆರಳಲ್ಲಿ ನನ್ನ ಕೈ ಒತ್ತುತಿದ್ದ. ಒತ್ತಿದ ತಕ್ಷಣ ನಾನು ಬೀಳ್ತಿದ್ದೆ. ಯಾವಾಗ ಬೀಳ್ಬೇಕು ಅಂತ ಒಂದಿನ ಆದ್ರೂ ನಾನು ನೋಡಿಲ್ಲ. ನೋಡೋನು ಅವನು. ಹಿಡಿಯೋನು ನಾನು."

"ಎಂಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ಜನ ನನ್ನ ಹೆಸರು ಕೂಗ್ತಿದ್ರು. ನಂಗೂ ಹಿತವಾಗಿತ್ತು."

ರಾಜಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ಗುರುವಾರ ರಜೆ ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದ. ತಳಕು, ಬಿ.ಜಿ. ಕೆರೆ, ಹಾನಗಲ್, ಪ್ರತಿ ನಿಲ್ದಾಣದಲ್ಲೂ ಇಳಿದು ಹಿಂದಕ್ಕೆ ಹೋಗಿಬಿಡೋಣ ಅನ್ನಿಸುತ್ತಿತ್ತು. ಏನು ಕೇಳುವುದು ಅವನನ್ನು? ಕೊಟ್ಟದ್ದನ್ನು ಹಿಂದಕ್ಕೆ ಕೇಳುವಂತಿಲ್ಲ.

ಮಗ್ಗದ ಸದ್ದು ತುಂಬಿದ ಬೀದಿಯಲ್ಲಿ ರೇಷ್ಮೆ ಅಂಗಡಿಯ ಹಿಂಬದಿಗೆ ಕ್ಯಾತಣ್ಣ ಸೀರೆಯ ಗಂಟು ಹೊರುತ್ತಿದ್ದ. ರಾಜಣ್ಣನನ್ನು ಕಂಡು ಗಂಟು ಇಳಿಸಿ, ಹೆಗಲಿನ ಟವೆಲ್‌ನಿಂದ ಕಟ್ಟೆ ಒರೆಸಿ ಕೂರಿಸಿದ. ಆ ಮರ್ಯಾದೆಯೇ ರಾಜಣ್ಣನನ್ನು ಚುಚ್ಚಿತು.

"ಆಡಿಸ್ತಾರಾ ಇಲ್ಲಿ?"

"ಬೆಂಚಲ್ಲಿ ಕೂರಿಸ್ತಾರೆ. ಒಬ್ಬನ್ನೂ ಹಿಡಿದವನಲ್ಲ, ಸುಮ್ನೆ ಕೈ ಹಿಡ್ಕಂಡು ನಿಲ್ಲೋನು ಅಂತ ನಮ್ಮ ಮಿಲ್ ಸಾಹುಕಾರ್ರು ಹೇಳಿ ಕಳಿಸಿದ್ರಂತೆ" ಎಂದ ಕ್ಯಾತಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. "ದೊಡ್ಡೋರಿಗೆ ಆಟದ ಒಳಗು ಗೊತ್ತಾಗಲ್ಲ. ನೀನಾಗಿದ್ರೆ ಹಂಗಂತಿರ್ಲಿಲ್ಲ ಬಿಡು."

ಅದು ತನ್ನದೇ ಮಾತು ಎಂದು ರಾಜಣ್ಣ ಹೇಳಬೇಕಿತ್ತು. ಬದಲಿಗೆ ಹೆಬ್ಬೆರಳಿನ ವಿಚಾರ ಕೇಳಿದ. ಕ್ಯಾತಣ್ಣ ಬಚ್ಚಿಡಲಿಲ್ಲ. "ವಾಪಸ್ ಹೋಗೋ ಮನಸಾದಾಗ ರೈಡರ್ ಸೊಂಟ ಮೊದ್ಲು ತಿರುಗ್ತೈತೆ, ಕಾಲು ಆಮೇಲೆ. ಆ ನಡುವೆ ಒತ್ತಬೇಕು. ಬಾಯಲ್ಲಿ ಹೇಳಿದ್ರೆ ಬರಲ್ಲ ರಾಜಣ್ಣ. ಹೊರಗೆ ಕೂತು ನೋಡಿ ನೋಡಿ ಕಲಿತದ್ದು ನಾನು. ಮೊದ್ಲ ಎರಡು ವರ್ಷ ನೀನು ನನ್ನ ಬೆಂಚಲ್ಲೇ ಕೂರಿಸಿದ್ದೆ, ನೆನಪಿಲ್ವಾ?"

ನೆನಪಿರಲಿಲ್ಲ. ಅದನ್ನೂ ಹೇಳದೆ ರಾಜಣ್ಣ ಬಸ್ಸು ಹತ್ತಿದ.

ಭಾನುವಾರ ಬೆಳಿಗ್ಗೆ ರಾಂಪುರದ ಬಯಲಿನಲ್ಲಿ ಜಟಿಂಗ ರಾಮೇಶ್ವರನ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೊನೆಯ ಪಂದ್ಯಕ್ಕೆ ಉಳಿದದ್ದು ಚಳ್ಳಕೆರೆ, ಮೊಳಕಾಲ್ಮೂರು. ವಿನೋದ್ ತನ್ನ ಹಳೆಯ ಗೆಳೆಯರನ್ನೇ ಒಬ್ಬೊಬ್ಬರನ್ನಾಗಿ ಮುಟ್ಟಿ ಬಂದ. ಸೊಂಟ, ಕಾಲು ಎಂದು ರಾಜಣ್ಣ ಎರಡು ದಿನ ಯರ್ರಪ್ಪನ ಕಿವಿಯಲ್ಲಿ ಜಪ ಮಾಡಿದ್ದ. ಯರ್ರಪ್ಪ ಒತ್ತಿದಾಗೆಲ್ಲ ರೈಡರ್ ಮನೆ ಸೇರಿರುತ್ತಿದ್ದ. ಪಾಲಾಕ್ಷ ನಾಲ್ಕು ಸಲ ಬಿದ್ದ, ನಾಲ್ಕು ಸಲವೂ ಔಟಾಗಿ ಹೊರಗೆ ಬಂದ. ಆದರೂ ವಿನೋದನ ದೆಸೆಯಿಂದ ಅರ್ಧ ಆಟಕ್ಕೆ ಚಳ್ಳಕೆರೆ ಆರು ಅಂಕ ಮುಂದಿತ್ತು.

ಶಾಮಿಯಾನದ ಕೆಳಗಿನಿಂದ ಸಾಹುಕಾರರು ಬೆರಳು ಆಡಿಸಿದರು. ರಾಜಣ್ಣ ಪಾಲಾಕ್ಷನನ್ನು ಹೊರಗೆ ಕೂರಿಸಿ, ಯರ್ರಪ್ಪನನ್ನು ಮೂಲೆಗೆ, ಕೆಂಚಣ್ಣನನ್ನು ಅವನ ಪಕ್ಕಕ್ಕೆ ಹಾಕಿದ. ಪಾಲಾಕ್ಷ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಎದುರು ಬದಿಯ ಬೆಂಚಿನಲ್ಲಿ ಕ್ಯಾತಣ್ಣ ಕೂತಿದ್ದ. ಇಬ್ಬರ ನಡುವೆ ಅಂಕಣ ಖಾಲಿ ಬಿದ್ದಿತ್ತು. ಇಬ್ಬರನ್ನೂ ಹೀಗೆ ಕೂರಿಸಿದವನು ನಾನೇ ಎಂದು ರಾಜಣ್ಣನಿಗೆ ಅನ್ನಿಸಿತು. ತಡೆಯಲಾಗದೆ ಅಂಕಣ ದಾಟಿ ನಡೆದೇಬಿಟ್ಟ.

ಮೊಳಕಾಲ್ಮೂರಿನ ತಂಡ ನೋಡಿಕೊಳ್ಳುವವನು ವೆಂಕಟಪ್ಪ ಎಂಬ ಹಿರಿಯ ನೇಕಾರ. "ಏಮಯ್ಯಾ ರಾಜಣ್ಣ, ಗೆಲ್ಲೋ ಪಂದ್ಯ ಬಿಟ್ಟು ಈ ಕಡೆ ಬಂದೆ?" ಎಂದ.

"ಕ್ಯಾತಣ್ಣನ್ನ ಆಡಿಸ್ರಿ" ಎಂದ ರಾಜಣ್ಣ. ಕ್ಯಾತಣ್ಣನ ಮುಖ ನೋಡಿಕೊಂಡೇ ಮುಂದುವರಿಸಿದ. "ಇವನು ಬರೀ ಕೈ ಹಿಡ್ಕಂಡು ನಿಲ್ಲೋನು ಅಂದದ್ದು ಸಾಹುಕಾರ್ರಲ್ಲ, ನಾನು. ಇವನ ಹೆಸರು ಕೊಟ್ಟೋನೂ ನಾನೇ. ಎಂಟು ವರ್ಷ ಪಾಲಾಕ್ಷ ಹಿಡಿದದ್ದೆಲ್ಲ ಇವನು ಹಿಡಿಸಿದ್ದು. ನಂಗೆ ಗೊತ್ತಾಗ್ಲಿಲ್ಲ. ನೀವಾದ್ರೂ ಆಡಿಸ್ರಿ."

ಕ್ಯಾತಣ್ಣ ತಲೆ ತಗ್ಗಿಸಿದ. "ಮೊನ್ನೆ ಕಟ್ಟೆ ಮೇಲೆ ಕೂತಾಗ್ಲೇ ಹೇಳ್ಬಹುದಿತ್ತು ನೀನು" ಎಂದ, ಅಷ್ಟೇ. ವೆಂಕಟಪ್ಪ ಇದರಲ್ಲಿ ಏನು ಮೋಸ ಅಡಗಿದೆಯೋ ಎಂದು ಇಬ್ಬರನ್ನೂ ನೋಡಿದ. ಆರು ಅಂಕ ಹಿಂದೆ ಬಿದ್ದವನಿಗೆ ಕಳೆದುಕೊಳ್ಳುವುದಕ್ಕೆ ಏನಿದೆ? ಕ್ಯಾತಣ್ಣನಿಗೆ ಅಂಗಿ ಬಿಚ್ಚಲು ಹೇಳಿದ.

ರಾಜಣ್ಣ ವಾಪಸ್ ಬಂದು ಪಾಲಾಕ್ಷನ ಪಕ್ಕ ಬೆಂಚಿನಲ್ಲಿ ಕುಕ್ಕರಿಸಿದ. ಆಟ ಶುರುವಾಯಿತು. ಕ್ಯಾತಣ್ಣ ತನ್ನ ಹೊಸ ಮೂಲೆಯವನ ಕಿವಿಯಲ್ಲಿ ಏನೋ ಹೇಳಿ ಕೈ ಹಿಡಿದು ನಿಂತ. ವಿನೋದ್ ಒಳಗೆ ಹೋದ. ಪಾಲಾಕ್ಷ ತನಗರಿವಿಲ್ಲದೆ ರಾಜಣ್ಣನ ಕೈ ಹಿಡಿದುಕೊಂಡಿದ್ದ, ಎಂಟು ವರ್ಷದ ಅಭ್ಯಾಸ. ಎದುರಿನ ಮೂಲೆಯವನು ಬಿದ್ದ, ವಿನೋದನ ಹಿಮ್ಮಡಿ ಸಿಕ್ಕಿತು, ಜನ ಹೋ ಎಂದರು. ಆಮೇಲೆ ಪಾಲಾಕ್ಷನ ಹೆಬ್ಬೆರಳು ರಾಜಣ್ಣನ ಕೈ ಒತ್ತಿತು.

ಮುಂದಿನ ಸಲ ಚಳ್ಳಕೆರೆಯ ಇನ್ನೊಬ್ಬ ರೈಡರ್ ಹೋದ. ಈ ಸಲ ಅಲ್ಲಿ ಬೀಳುವುದೂ ಇಲ್ಲಿ ಒತ್ತುವುದೂ ಒಟ್ಟಿಗೇ ಆದವು.

ಮೂರನೆಯ ಸಲ ಪಾಲಾಕ್ಷನ ಹೆಬ್ಬೆರಳು ಮೊದಲು ಒತ್ತಿತು. ಅದರ ಹಿಂದೆಯೇ ಎದುರಿನ ಮೂಲೆಯವನು ಬಿದ್ದ.

ರಾಜಣ್ಣ ಅವನ ಕಡೆ ತಿರುಗಿದ. "ಲೇ ಪಾಲಾಕ್ಷ, ಕಾಣ್ತೈತಾ ನಿಂಗೆ?"

"ಕಾಣ್ತೈತೆ ಅಣ್ಣ" ಎಂದ ಪಾಲಾಕ್ಷ. ಅವನ ಕಣ್ಣಲ್ಲಿ ನೀರಿತ್ತು. "ಒಳಗೆ ನಿಂತಾಗ ಒಂದಿನಾನೂ ಕಂಡಿರ್ಲಿಲ್ಲ."

ಅಷ್ಟರಲ್ಲಿ ಆರು ಅಂಕ ಕರಗಿ, ಮೊಳಕಾಲ್ಮೂರು ನಾಲ್ಕು ಅಂಕ ಮುಂದೆ ಹೋಗಿತ್ತು. ರಾಜಣ್ಣ ಕೈ ಎತ್ತಿ ಬದಲಾವಣೆ ಕೇಳಿದ. ಕೆಂಚಣ್ಣನನ್ನು ಹೊರಗೆ ಕರೆದು ಪಾಲಾಕ್ಷನ ಬೆನ್ನು ತಟ್ಟಿದ. "ಮೂಲೆಗೆ ಹೋಗ್ಬೇಡ. ಮೂಲೆ ಯರ್ರಪ್ಪನಿಗಿರಲಿ. ನೀನು ಪಕ್ಕದಲ್ಲಿ ನಿಂತು ಒತ್ತು."

ಸಾಹುಕಾರರು ಶಾಮಿಯಾನ ಬಿಟ್ಟು ದಾಪುಗಾಲಿನಲ್ಲಿ ಬಂದರು. ಅವರು ಬರುವಷ್ಟರಲ್ಲಿ ಮೊಳಕಾಲ್ಮೂರಿನ ರೈಡರ್ ಒಬ್ಬ ಎಡ ಮೂಲೆಯಲ್ಲಿ ಮಣ್ಣು ಮುಕ್ಕಿದ್ದ, ಜನ ಯರ್ರಪ್ಪನ ಹೆಸರು ಕೂಗುತ್ತಿದ್ದರು. "ಯರ್ರಪ್ಪ ಪರವಾಗಿಲ್ಲ ಕಣಯ್ಯ" ಎಂದರು ಸಾಹುಕಾರರು ಏದುಸಿರಿನಲ್ಲಿ. "ಆದ್ರೆ ಈ ಪಾಲಾಕ್ಷನ್ನ ಮತ್ಯಾಕೆ ಇಳಿಸಿದೆ? ಸುಮ್ನೆ ಕೈ ಹಿಡ್ಕಂಡು ನಿಂತವ್ನೆ. ಹಂಗೆ ನಿಲ್ಲಾಕೆ ಯಾರಾದ್ರೂ ಸಿಕ್ತಾರೆ ಅಂತ ನೀನೇ ಅಂದಿದ್ದೆ."

"ಅಂದಿದ್ದೆ" ಎಂದ ರಾಜಣ್ಣ. "ಕೈ ಕೊಡ್ರಿ."

"ಏನು?"

"ನಿಮ್ಮ ಕೈ ಕೊಡ್ರಿ ಸಾಹುಕಾರ್ರೇ. ಕಣ್ಣು ಯರ್ರಪ್ಪನ ಮೇಲಿರ್ಲಿ."

ಅಷ್ಟು ಜನರೆದುರು ತೂಕದ ಗುಮಾಸ್ತನೊಬ್ಬ ಮಿಲ್ ಸಾಹುಕಾರರ ಉಂಗುರದ ಕೈಯನ್ನು ತಾನೇ ಎಳೆದು ಹಿಡಿದುಕೊಂಡ. ಕೊನೆಯ ನಿಮಿಷದ ರೈಡರ್ ಒಳಗೆ ಬಂದ. ಎಡಕ್ಕೆ ಸರಿದ, ಕಾಲು ಚಾಚಿದ, ಯರ್ರಪ್ಪ ಅಲ್ಲಾಡಲಿಲ್ಲ. ಚೀಲ ನೋಡಿ ತೂಕ ಹೇಳುತ್ತಿದ್ದ ಆ ಕಣ್ಣಿಗೆ ಎಂಟು ವರ್ಷದಲ್ಲಿ ಮೊದಲ ಬಾರಿಗೆ ಸೊಂಟ ತಿರುಗಿದ್ದು ಕಂಡಿತು. ರಾಜಣ್ಣ ಒತ್ತಿದ. ಅತ್ತ ಪಾಲಾಕ್ಷನೂ ಒತ್ತಿರಬೇಕು. ಯರ್ರಪ್ಪ ಧೊಪ್ಪನೆ ನೆಲಕ್ಕೆ ಬಿದ್ದ. ರೈಡರ್ ನಡುಗೆರೆಗೆ ಎರಡು ಗೇಣು ಇರುವಾಗ ಕಬಡ್ಡಿಯ ಉಸಿರು ಕಡಿದು ಔಟಾದ.

ಚಳ್ಳಕೆರೆ ಆ ಪಂದ್ಯವನ್ನು ಎರಡು ಅಂಕದಿಂದ ಸೋತಿತು. ಸೀಟಿ ಊದಿದ್ದು ಸಾಹುಕಾರರಿಗೆ ಕೇಳಿಸಿದಂತೆ ಕಾಣಲಿಲ್ಲ. ಅಂಕಣದ ನಡುವೆ ಪಾಲಾಕ್ಷ, ಕ್ಯಾತಣ್ಣ ಎದುರುಬದುರಾಗಿ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ಸಾಹುಕಾರರು ಅವರನ್ನು ನೋಡಿದರು, ರಾಜಣ್ಣನ ಹಿಡಿತದಲ್ಲೇ ಇದ್ದ ತಮ್ಮ ಕೈಯನ್ನು ನೋಡಿದರು.

"ಹನ್ನೊಂದು ಜನಾನೂ ಇರ್ಲಿ" ಎಂದರು ಕೊನೆಗೆ. ಆಮೇಲೆ ದನಿ ತಗ್ಗಿಸಿ, "ಅದೇನೋ ಮಾಡಿದ್ಯಲ್ಲ, ಇನ್ನೊಂದ್ಸಲ ಒತ್ತು ನೋಡಾಣ" ಎಂದರು.